ಅಳಿಯ ಬ್ಯಾಟಿಂಗಿಗೆ ಬಂದಾಗ

ಇವತ್ತೊಂದು ದಿನ ಒಳಗೆ ಕೂತು ನೋಡಬೇಕು ಎಂಬ ಆಸೆ ಹಾಲಸ್ವಾಮಿಗೆ ಹಲ್ಲುಜ್ಜುವಾಗಲೇ ಹುಟ್ಟಿತು. ಹುಟ್ಟಿದ ಮರುಕ್ಷಣ ನಾಚಿಕೆಯೂ ಆಯಿತು. ಅರವತ್ತು ದಾಟಿದವನು, ಸಂಡೂರಿನ ಗಣಿಯಲ್ಲಿ ಲಾರಿ ತೂಕದ ಕೋಣೆಯಲ್ಲಿ ಕೂತು ಎಂತೆಂಥ ಡ್ರೈವರುಗಳನ್ನು ಗದರಿಸಿ ಬಂದವನು, ಈಗ ಒಂದು ಟೀವಿಯ ಮುಂದೆ ಕೂಡಲು ಕೇಳಬೇಕೋ ಬೇಡವೋ ಎಂದು ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು ನಿಂತಿದ್ದಾನೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಇದ್ದರೆ ಹೊಸಪೇಟೆಯಲ್ಲಿ ಹಾಲಿನವನು ಬರುವ ಮೊದಲೇ ಆಟ ಶುರುವಾಗಿರುತ್ತದೆ. ‘ಸ್ವೆಟರ್ ಹಾಕ್ಕೊಂಡು ಹೋಗ್ರಿ, ಹೊರಗ ಕುಂದ್ರಾವ್ರು ನೀವು’ ಎಂದಳು ಹೆಂಡತಿ ಕೊಟ್ರಬಸಮ್ಮ, ಅಡುಗೆಮನೆಯಿಂದ. ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ, ಚಳಿಯ ಚಿಂತೆಯಷ್ಟೇ ಇತ್ತು. ಆದರೆ ಹೊರಗೆ ಕೂಡುವವರು ಎಂದು ಅದೊಂದು ಹುದ್ದೆಯೆಂಬಂತೆ ಅಂದುಬಿಟ್ಟಳಲ್ಲ, ಅದು ಚುಚ್ಚಿತು. ಸ್ವೆಟರ್ ಹಾಕಿಕೊಂಡು ಹೊರಟ.

ಹೊರಗೆ ಎಂದರೆ ಈಶ್ವರನ ಬ್ಯಾಟರಿ ಅಂಗಡಿಯ ಹೊರಗೆ. ಸಂಡೂರು ರಸ್ತೆಯ ಆ ಅಂಗಡಿಯಲ್ಲಿ ಅದಿರಿನ ಲಾರಿಗಳ ಬ್ಯಾಟರಿಗಳು ಸಾಲಾಗಿ ಚಾರ್ಜಿಗೆ ಕೂತಿರುತ್ತವೆ, ಅವುಗಳ ಮೇಲುಗಡೆ ಗೋಡೆಗೆ ಒಂದು ಟೀವಿ, ಟೀವಿಯ ಎದುರಿಗೆ ಹಳೆಯ ಲಾರಿಯಿಂದ ಬಿಚ್ಚಿ ತಂದ ಸೀಟು. ಸೀಟು ಈಶ್ವರನದು. ಕಂಪ್ಲಿಯಲ್ಲಿ ರೈಸ್ ಮಿಲ್ಲು ಇಟ್ಟಿರುವ ಮನೋಹರ್ ಬಂದರೆ ಅವನಿಗೆ ಪ್ಲಾಸ್ಟಿಕ್ ಕುರ್ಚಿ. ಹಂಪಿಯಲ್ಲಿ ಆಟೋ ಓಡಿಸುವ ಮೂಕಣ್ಣ ಬಾಗಿಲಿಗೆ ಒರಗಿ ನಿಲ್ಲಬೇಕು, ಕೂತರೆ ವಿಕೆಟ್ ಬೀಳುತ್ತದೆಂದು ಅವನಿಗೆ ಕೂಡಲು ಬಿಡುವುದಿಲ್ಲ. ಜೊತೆಯಾಟ ಕುದುರಿರುವಾಗ ಯಾರೂ ಇದ್ದ ಜಾಗದಿಂದ ಕದಲಬಾರದು. ಗಿರಾಕಿ ಬಂದು ಬಾಗಿಲಲ್ಲಿ ನಿಂತರೂ ಈಶ್ವರ್ ಕತ್ತು ತಿರುಗಿಸದೆ, ‘ಓವರ್ ಮುಗೀಲಿ, ನಿಂದ್ರಪ’ ಎನ್ನುತ್ತಾನೆ. ಹಾಲಸ್ವಾಮಿಯ ಜಾಗ ಮಾತ್ರ ಹೊರಗಿನ ಕಲ್ಲುಬೆಂಚು. ಉಳಿದ ಬ್ಯಾಟ್ಸ್‌ಮನ್‌ಗಳು ಆಡುವಾಗ, ನಮ್ಮವರು ಬೌಲಿಂಗ್ ಮಾಡುವಾಗ, ಅವನು ಧಾರಾಳವಾಗಿ ಒಳಗೆ ಕೂಡಬಹುದು, ತಂಡದ ಆಯ್ಕೆಯ ಬಗ್ಗೆ ಗಂಟಲು ಹರಿಯುವಂತೆ ವಾದಿಸಬಹುದು. ಅಳಿಯ ಬ್ಯಾಟು ಹಿಡಿದು ಪೆವಿಲಿಯನ್ ಮೆಟ್ಟಿಲಿಳಿದನೋ, ಎಲ್ಲರೂ ಹಾಲಸ್ವಾಮಿಯತ್ತ ನೋಡುತ್ತಾರೆ. ಅವನು ಚಾ ಲೋಟ ಎತ್ತಿಕೊಂಡು ಹೊರಗೆ ಬರುತ್ತಾನೆ.

ಅಳಿಯ ಎಂದರೆ ನಮ್ಮ ತಂಡದ ಮೂರನೇ ಕ್ರಮಾಂಕದ ಬ್ಯಾಟ್ಸ್‌ಮನ್. ಹೆಣ್ಣುಮಕ್ಕಳಿಲ್ಲದ ಹಾಲಸ್ವಾಮಿಗೆ ಅವನನ್ನು ಅಳಿಯನಾಗಿ ಮಾಡಿಕೊಟ್ಟವರು ಈ ಗೆಳೆಯರೇ. ಯಾರು ಎಷ್ಟು ಬೈದರೂ ಅವನನ್ನು ಬಿಟ್ಟುಕೊಡದೆ ವಾದಿಸುತ್ತಾನೆಂದು, ‘ನಿನ್ನ ಅಳಿಯ ಇವತ್ತು ಏನ್ ಕಡಿತಾನ?’ ಎಂದು ಶುರುವಾದದ್ದು ಹಾಗೇ ನಿಂತಿತು. ಆ ಹುಡುಗ ಮೊದಲ ಸಲ ಟೆಸ್ಟ್ ಆಡಿದ ವರ್ಷ ಹಾಲಸ್ವಾಮಿ ಯಾರನ್ನೋ ಕಂಪ್ಲಿ ಬಸ್ಸಿಗೆ ಹತ್ತಿಸಲು ಎದ್ದು ಹೋಗಿದ್ದ. ಹೋದಾಗ ಒದ್ದಾಡುತ್ತಿದ್ದವನು ಬರುವಷ್ಟರಲ್ಲಿ ಐವತ್ತು ದಾಟಿದ್ದ. ಹಾಲಸ್ವಾಮಿ ಒಳಗೆ ಕಾಲಿಟ್ಟ, ಅವನು ಔಟಾದ. ನಕ್ಕರು. ಮುಂದಿನ ಟೆಸ್ಟಿನಲ್ಲಿ ಇಣುಕಿದ, ಅವನು ಮತ್ತೆ ಔಟಾದ. ಆಮೇಲೆ ಯಾರೂ ನಗಲಿಲ್ಲ. ಹಾಲಸ್ವಾಮಿಯ ಕಾಲ್ಗುಣ ಎಂದು ಮಾತಾಯಿತು. ಮನೆಯ ಟೀವಿಯಲ್ಲಿ ನೋಡಿದರೆ ದೋಷವಿಲ್ಲವೇನೋ ಎಂದು ಒಮ್ಮೆ ಕೊಟ್ರಬಸಮ್ಮನ ಜೊತೆ ಕೂತು ಅದನ್ನೂ ಪರೀಕ್ಷಿಸಿದ್ದ. ಮೊದಲ ಬಾಲಿಗೇ ಎಲ್ಬಿಡಬ್ಲ್ಯೂ. ‘ನಮ್ಮ ಮನಿಗೆ ಬ್ಯಾಡ್ರಿ ಇದು’ ಎಂದು ಅವಳೇ ಟೀವಿ ಆರಿಸಿದ್ದಳು. ಅಂದಿನಿಂದ ಅಳಿಯ ಜಗತ್ತಿನ ಯಾವ ಮೂಲೆಯಲ್ಲಿ ಆಡಿದರೂ ಹಾಲಸ್ವಾಮಿ ಈ ಕಲ್ಲುಬೆಂಚಿನ ಮೇಲೆ, ರಸ್ತೆಗೆ ಮುಖ ಮಾಡಿ, ಕೆಂಪು ಧೂಳು ಕುಡಿಯುತ್ತ ಕೂತಿದ್ದಾನೆ. ಅಳಿಯನ ಒಂದು ಶತಕವನ್ನೂ ಅವನು ಆಗುವಾಗ ಕಂಡವನಲ್ಲ. ರಾತ್ರಿ ಹೈಲೈಟ್ಸ್ ನೋಡುತ್ತಾನೆ. ಆದರೆ ಹೈಲೈಟ್ಸಿನಲ್ಲಿ ಬೌಂಡರಿ ತೋರಿಸುತ್ತಾರೆ, ಹೊಡೆಯದೆ ಬಿಟ್ಟ ಬಾಲು ತೋರಿಸುವುದಿಲ್ಲ. ಅಳಿಯನ ಆಟವೆಲ್ಲ ಬಿಡುವುದರಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಾರೆ.

ಒಮ್ಮೆ ಹಾಲಸ್ವಾಮಿ ಮೋಸ ಮಾಡಿದ್ದ. ಅಂಗಡಿಯ ಎದುರಿಗೆ ನಿಂತ ಲಾರಿಯ ಕನ್ನಡಿಯಲ್ಲಿ ಟೀವಿ ಪುಟ್ಟದಾಗಿ ಕಾಣುತ್ತಿತ್ತು. ಅದರೊಳಗೆ ಬಲಗೈ ಬ್ಯಾಟ್ಸ್‌ಮನ್ ಎಡಗೈಯಾಗಿ ನಿಂತಿದ್ದ. ಇದು ಅಳಿಯನಲ್ಲ, ಬೇರೆ ಯಾರೋ ಎಡಗೈಯವನು ಎಂದು ತನಗೆ ತಾನೇ ಹೇಳಿಕೊಂಡು ಒಂದೇ ಒಂದು ಬಾಲು ನೋಡಿದ. ಸ್ಲಿಪ್ಪಿನಲ್ಲಿ ಕ್ಯಾಚು. ಒಳಗೆ ಮೂಕಣ್ಣ ಬಾಗಿಲು ಗುದ್ದಿದ ಸದ್ದು ಕೇಳಿಸಿತು. ಆ ಟೆಸ್ಟ್ ನಾವು ಸೋತೆವು. ಕೋಟ್ಯಂತರ ಜನ ಬೇಜಾರು ಮಾಡಿಕೊಂಡಿದ್ದಾರೆ, ಕಾರಣ ಗೊತ್ತಿರುವವನು ನಾನೊಬ್ಬನೇ ಎಂದು ವಾರಗಟ್ಟಲೆ ಅವನಿಗೆ ಊಟ ಸೇರಲಿಲ್ಲ. ಯಾರಿಗೂ ಹೇಳಲಿಲ್ಲ. ಇಂಥದ್ದನ್ನು ಹೇಳಿದರೆ ಹುಚ್ಚ ಅನ್ನುತ್ತಾರೆಂಬ ಭಯಕ್ಕಿಂತ, ನಿಜವೆಂದು ಒಪ್ಪಿಬಿಡುತ್ತಾರೆಂಬ ಭಯವೇ ದೊಡ್ಡದಾಗಿತ್ತು.

ಬೆಂಚಿನ ಮೇಲೆ ಕೂತಾಗ ಕಲ್ಲು ತಣ್ಣಗಿತ್ತು. ಕೂತು ರಸ್ತೆಗೆ ಮುಖ ಮಾಡಿದ. ಒಳಗೆ ಈಶ್ವರ್ ಮತ್ತು ಮೂಕಣ್ಣ ಆಗಲೇ ತಮ್ಮ ತಮ್ಮ ಜಾಗದಲ್ಲಿದ್ದರು. ಅಳಿಯ ನಿನ್ನೆಯಿಂದ ನಾಟೌಟ್. ಕೇಳಬೇಕೆಂದಿದ್ದ ಮಾತು ನಾಲಿಗೆಯ ತನಕ ಬಂದು, ‘ಚಾ ಆತೇನ್ಲೇ?’ ಎಂದಾಗಿ ಹೊರಬಿತ್ತು. ನಿನ್ನೆ ಸಂಜೆಯಿಡೀ ಇಲ್ಲಿ ಜಗಳವಾಗಿತ್ತು. ಈ ಇನ್ನಿಂಗ್ಸಿನಲ್ಲೂ ಸೋತರೆ ಅಳಿಯನ ಕತೆ ಮುಗಿದಂತೆ ಎಂದು ಪೇಪರಿನವರೂ ಬರೆದಿದ್ದರು. ಈಶ್ವರ್ ಇದನ್ನೇ ವರ್ಷದಿಂದ ಹೇಳುತ್ತಿದ್ದಾನೆ. ‘ಕಾಲು ಮುಂದ ಬರಂಗಿಲ್ಲ ಅವಂದು. ಮೂವತ್ತೇಳು ಆತು. ಹೊಸ ಹುಡುಗನ್ನ ಆಡಸ್ರಿ ಅಂದ್ರ ಕೇಳಂಗಿಲ್ಲ. ಅವ್ನೂ ಎಷ್ಟು ದಿನ ಆಡೋರಿಗೆ ನೀರ್ ಹೊರಬೇಕು?’ ಹಾಲಸ್ವಾಮಿಗೆ ಸಿಟ್ಟು ನೆತ್ತಿಗೇರಿತ್ತು. ‘ಅವ ಆಡಿದ್ದು ಕಣ್ಣಿಂದ ನೋಡಿದ್ದರ ಹಿಂಗ ಅಂತಿದ್ದಿಲ್ಲ ನೀನು’ ಎಂದುಬಿಟ್ಟಿದ್ದ. ಮೂಕಣ್ಣ ಕಿಸಕ್ಕನೆ ನಕ್ಕ. ನೋಡಿದವರು ಅವರು, ನೋಡದವನು ತಾನು. ಆ ನಗೆ ಇನ್ನೂ ಕಿವಿಯಲ್ಲಿತ್ತು. ಆದರೆ ಈಶ್ವರನ ವಿಚಿತ್ರವೆಂದರೆ, ತಂಡದಿಂದ ತೆಗೆಯಬೇಕೆಂದು ಸಂಜೆಯಿಡೀ ವಾದಿಸಿದವನು ಬೆಳಿಗ್ಗೆ ಅಳಿಯ ಕ್ರೀಸಿಗೆ ಬಂದರೆ ಅದೇ ಲಾರಿ ಸೀಟಿನ ಮೇಲೆ ಎಡಗಾಲು ಮಡಚಿ ಕೂತು ಕಾಲು ಜೋಮು ಹಿಡಿದರೂ ಅಲುಗಾಡುವುದಿಲ್ಲ. ಆಯ್ಕೆ ಬೇರೆ, ಆಟ ಬೇರೆ ಎನ್ನುತ್ತಾನೆ.

ಹೊರಗೆ ಕೂತವನಿಗೆ ಆಟ ತಿಳಿಯುವುದು ಸದ್ದಿನಿಂದ. ಬೌಲರ್ ಓಡಿ ಬರುವಾಗ ಒಳಗಿನವರು ಉಸಿರು ಕಟ್ಟುತ್ತಾರೆ. ಬಾಲು ಬಿಟ್ಟರೆ ಉಸಿರು ಬಿಡುತ್ತಾರೆ. ರನ್ನಾದರೆ ಈಶ್ವರ್ ತೊಡೆ ತಟ್ಟುತ್ತಾನೆ, ಒಂದಕ್ಕೆ ಒಂದು ತಟ್ಟು. ಬೆಳಗಿನಿಂದ ತಟ್ಟುಗಳು ನಿಧಾನವಾಗಿ, ಬಿಡದೆ ಬರುತ್ತಿದ್ದವು. ಬಿಸಿಲು ಬಂತು. ಗಣಿಯ ಕಡೆಯಿಂದ ತಾಡಪಾಲು ಹೊದ್ದ ಲಾರಿಗಳು ಬಂದವು, ಕಮಲಾಪುರದ ಕಡೆಯ ಬಾಳೆಗೊನೆಯ ಟೆಂಪೋ ಬಂತು. ಅಲ್ಲಿ ಲಂಚ್ ಆಯಿತು. ಇಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು. ಕಿಟಕಿಯ ಸರಳುಗಳ ನಡುವೆ ಪೊಟ್ಟಣ ಕೊಡುತ್ತ ಮೂಕಣ್ಣ, ‘ಅರವತ್ತು ದಾಟ್ಯಾನ ನಿನ್ನ ಅಳಿಯ. ಬಿಗಿಯಾಗಿ ಕುಂದ್ರು’ ಎಂದ. ಹಾಲಸ್ವಾಮಿ ಬಿಗಿಯಾಗಿಯೇ ಕೂತಿದ್ದ. ಆ ಅರವತ್ತರಲ್ಲಿ ತನ್ನ ಸೊಂಟದ ನೋವಿನದೂ ಒಂದು ಪಾಲಿದೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಸುಖವಾಯಿತು. ಬೆಳಗಿನ ಆಸೆ ಎಲ್ಲಿಯೋ ಹೋಗಿ, ಇಲ್ಲೇ ಸಂಜೆಯ ತನಕ ಕೂತೇನು ಅನ್ನುವಷ್ಟು ಹುರುಪು ಬಂತು.

ಆಗಲೇ ಮನೋಹರನ ಕಾರು ಬಂದು ನಿಂತದ್ದು. ಜೊತೆಗೆ ಮಗಳು ಪೂಜಿತಾ. ಬಳ್ಳಾರಿಯಲ್ಲಿ ಓದುವ ಹುಡುಗಿ, ರಜೆಗೆ ಬಂದವಳು. ಸಂಡೂರಿನ ಬೀಗರ ಮನೆಗೆ ಹೊರಟಿದ್ದಾರಂತೆ, ಹೋಗುತ್ತ ಒಂದಿಷ್ಟು ಆಟ ನೋಡಲು ಇಳಿದಿದ್ದಾರೆ. ಒಳಗೆ ಹೋದವಳೇ ಅಪ್ಪನ ಪಾಲಿನ ಮಿರ್ಚಿ ಎತ್ತಿಕೊಂಡು ವಾದಕ್ಕೆ ಇಳಿದಳು. ಹಾಲಸ್ವಾಮಿಗೆ ಹೊರಗೆ ಎಲ್ಲ ಕೇಳುತ್ತಿತ್ತು. ‘ಈತನ್ನ ಯಾಕ ತೆಗೀಬೇಕ್ರಿ ಅಂಕಲ್? ರನ್ ಎಷ್ಟು ಅಂತಷ್ಟ ನೋಡ್ತೀರಿ ನೀವು. ಈತ ಎಷ್ಟು ಬಾಲ್ ತಿಂತಾನ ನೋಡ್ರಿ. ಬೌಲರ್‌ಗಳು ದಣಿದ ಮ್ಯಾಲ ಈತನ ಹಿಂದ ಬರಾವ್ರು ಹೊಡೀತಾರ. ಅವ್ರ ರನ್ನಿನಾಗ ಈತಂದೂ ಪಾಲೈತಿ. ಅದು ಸ್ಕೋರ್‌ಬೋರ್ಡಿನಾಗ ಕಾಣಂಗಿಲ್ಲ ಅಷ್ಟ.’ ಈಶ್ವರ್ ಏನೋ ಗೊಣಗಿದ. ಹಾಲಸ್ವಾಮಿಗೆ ಎದ್ದು ಹೋಗಿ ಆ ಹುಡುಗಿಯ ತಲೆ ಸವರಬೇಕೆನ್ನಿಸಿತು. ಇಷ್ಟು ವರ್ಷ ಹೇಳಬೇಕೆಂದು ಹೇಳಲಾಗದೆ ನುಂಗಿಕೊಂಡ ಮಾತು ಇದೇ ಆಗಿತ್ತು. ಕಾಣದ ಪಾಲು. ಅವನು ಹಿಂದೆ ತಿರುಗಿದ. ಕಿಟಕಿಯಲ್ಲಿ ಪೂಜಿತಾಳ ಮುಖ ಇತ್ತು.

‘ಹಾಲಸ್ವಾಮಿ ಅಂಕಲ್ ಯಾಕ ಹೊರಗ ಕುಂತಾರ?’

ಮೂಕಣ್ಣ ಹೇಳಿದ. ಹೇಳುವಾಗ ಅವನಿಗೇ ನಾಚಿಕೆಯಾದಂತಿತ್ತು, ಅರ್ಧಕ್ಕೆ ನಿಲ್ಲಿಸಿದ. ಹುಡುಗಿ ಒಬ್ಬೊಬ್ಬರ ಮುಖ ನೋಡಿದಳು. ‘ಅಯ್ಯ, ನೀವೆಲ್ಲ ದೊಡ್ಡವ್ರು ಅಲ್ರಿ? ಆಸ್ಟ್ರೇಲಿಯಾದಾಗ ಆಡ್ತಿರೋ ಮನುಷ್ಯಾಗ ಹೊಸಪೇಟಿ ಬೆಂಚು ಏನ್ ಮಾಡ್ತತಿ?’ ಮನೋಹರ್ ಜೋರಾಗಿ ನಕ್ಕ. ಓದಿದ ಮಗಳ ಮುಂದೆ ಸಿಕ್ಕಿಬಿದ್ದ ತಂದೆಯ ನಗೆ ಅದು. ‘ಏ, ಅದು ತಮಾಷಿಗೆ ಮಾಡಿದ್ದಮ್ಮ. ಹುಡುಗಾಟ. ಹಾಲಸ್ವಾಮಿ, ಬಾರೋ ಒಳಗ, ಕುಂದ್ರು ಬಾ.’ ಮೂಕಣ್ಣನೂ ‘ಬಾ ಬಾ’ ಎಂದ. ಈಶ್ವರ್ ಮಾತ್ರ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

ತಮಾಷೆಗೆ. ಹಾಲಸ್ವಾಮಿ ಬೆಂಚಿನಿಂದ ಎದ್ದ, ಯಾಕೆಂದರೆ ಕರೆದಾಗ ಏಳದೆ ಇರುವುದು ಇನ್ನೂ ನಗೆಪಾಟಲು. ಮೆಟ್ಟಿಲು ಹತ್ತುವಾಗ ಮಳೆಗಾಲದ ಒಂದು ಮಧ್ಯಾಹ್ನ ನೆನಪಾಯಿತು. ಹಂಚಿನ ನೀರು ಹೆಗಲ ಮೇಲೆ ಸುರಿಯುತ್ತಿತ್ತು, ಅಳಿಯ ತೊಂಬತ್ತರ ಮೇಲಿದ್ದ, ಒಳಗಿನಿಂದ ಮನೋಹರನೇ, ‘ಏಳಬ್ಯಾಡ, ನಿನಗ ಕೈ ಮುಗಿತೀನಿ, ಏಳಬ್ಯಾಡ’ ಎಂದು ಕೂಗಿದ್ದ, ತನ್ನ ಕೊಡೆಯನ್ನು ಕಿಟಕಿಯಿಂದ ತೂರಿ ಹಿಡಿದಿದ್ದ. ಕೈ ಮುಗಿದ ಧ್ವನಿಯಲ್ಲಿ ತಮಾಷೆ ಎಲ್ಲಿತ್ತು? ಅಥವಾ ಇತ್ತೋ, ತನಗೊಬ್ಬನಿಗೇ ಕೇಳಿಸಿರಲಿಲ್ಲವೋ? ಇಷ್ಟು ವರ್ಷ ಇವರೆಲ್ಲ ಒಳಗೆ ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದರೋ ಏನೋ. ಹಾಗಿದ್ದರೆ ತಾನು ಯಾರು? ಪೂಜಿತಾ ತನ್ನ ಸ್ಟೂಲನ್ನೇ ಅವನಿಗೆ ಕೊಟ್ಟಳು. ಕೂತ. ಟೀವಿ ಅವನ ಎದುರಿಗೇ ಇತ್ತು, ಅದರಲ್ಲಿ ಹಸಿರು, ಹಸಿರಿನ ನಡುವೆ ಅಳಿಯ.

ಬೌಲರ್ ಓಡಿ ಬಂದ. ಹಾಲಸ್ವಾಮಿ ಕಣ್ಣು ಮುಚ್ಚಿ ತೆರೆದ. ಆಫ್ ಸ್ಟಂಪಿನ ಪಕ್ಕದಲ್ಲೇ ಬಿದ್ದ ಬಾಲು ಹೊರಗೆ ಹೊರಳಿತು. ಅಳಿಯ ಬ್ಯಾಟನ್ನು ಎದೆಯ ಮಟ್ಟಕ್ಕೆತ್ತಿ ಅದು ಹೋಗುವುದನ್ನು ನೋಡಿದ. ಮನೆ ತಪ್ಪಿ ಬಂದ ನೆಂಟನಿಗೆ ದಾರಿ ತೋರಿಸಿ ಕಳಿಸಿದ ಹಾಗಿತ್ತು. ಇಷ್ಟೇ. ಇದನ್ನು ಯಾವ ಹೈಲೈಟ್ಸಿನಲ್ಲೂ ಅವನು ಕಂಡಿರಲಿಲ್ಲ. ಮುಂದಿನದನ್ನೂ ಬಿಟ್ಟ. ಅದರ ಮುಂದಿನದು ಪ್ಯಾಡಿನ ಮೇಲೆ ಬಂತು, ಮೆಲ್ಲಗೆ ತಿರುವಿ ಒಂದು ರನ್ ಓಡಿದ. ಈಶ್ವರ್ ತೊಡೆ ತಟ್ಟಿದ. ಆ ತಟ್ಟು ಹೊರಗೆ ಕೇಳುವುದಕ್ಕಿಂತ ಒಳಗೆ ಸಣ್ಣದಾಗಿ ಕೇಳಿಸಿತು. ಅಳಿಯ ಔಟಾಗಲಿಲ್ಲ. ಎಪ್ಪತ್ತಾಯಿತು, ಎಂಬತ್ತಾಯಿತು. ಹಾಲಸ್ವಾಮಿ ನೋಡುತ್ತಲೇ ಇದ್ದ, ಅವನು ಆಡುತ್ತಲೇ ಇದ್ದ. ಇಷ್ಟು ಸಂತೋಷವನ್ನು ಹಾಲಸ್ವಾಮಿ ಇತ್ತೀಚೆಗೆ ಕಂಡಿರಲಿಲ್ಲ. ಆದರೆ ಒಂದೊಂದು ರನ್ನಿಗೂ ಅವನೊಳಗೆ ಏನೋ ಒಂದು ಸವೆಯುತ್ತಿತ್ತು. ಔಟಾದರೆ ತನ್ನ ಕಾಲ್ಗುಣ ಕೆಟ್ಟದ್ದು ಎಂದಾಗುತ್ತದೆ, ಸರಿ, ಅದು ಹಳೆಯ ಸಂಗತಿ, ಅದರ ಜೊತೆ ಬದುಕಿ ರೂಢಿಯಾಗಿದೆ. ಔಟಾಗದೆ ಹೋದರೆ? ಆಗ ಆ ಚಳಿ, ಆ ಮಳೆ, ಆ ಸೊಂಟನೋವು, ಅಳಿಯನ ಒಂದೊಂದು ಶತಕದ ದಿನವೂ ರಸ್ತೆ ನೋಡುತ್ತ ಕೂತ ಅಷ್ಟೂ ತಾಸುಗಳು ಯಾವುದಕ್ಕೂ ಅಲ್ಲ. ತಾನು ಕೂತರೂ ಅಳಿಯ ಆಡುತ್ತಿದ್ದ, ಕೂಡದಿದ್ದರೂ ಆಡುತ್ತಿದ್ದ. ಬೆಂಚಿನ ಮೇಲೆ ಒಬ್ಬ ಮುದುಕ ಸುಮ್ಮನೆ ಕೂತಿದ್ದ, ಅಷ್ಟೇ. ಅಳಿಯ ಔಟಾಗಲಿ ಎಂದು ಒಂದು ಕ್ಷಣ ತಾನು ಬಯಸಿದೆನೇ ಎಂದು ಅವನಿಗೆ ಸಂಶಯವಾಯಿತು. ಮೈಯೆಲ್ಲ ಬೆವೆತಿತು. ಸ್ವೆಟರ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ತೊಂಬತ್ತಾರಕ್ಕೆ ಬಂದಾಗ ಮನೋಹರ್ ಅವನ ಬೆನ್ನಿಗೆ ಒಂದು ಗುದ್ದಿದ. ಪ್ರೀತಿಯಿಂದಲೇ ಗುದ್ದಿದ್ದು. ‘ನೋಡಿದೇನೋ? ಇಷ್ಟು ವರ್ಷ ಸುಮ್ಮ ಸುಮ್ಮನ ಹೊರಗ ಕುಂದ್ರಿಸಿದ್ವಿ ನಿನ್ನ!’ ಮೂಕಣ್ಣ ನಕ್ಕ. ಹುಡುಗಿಯೂ ನಕ್ಕಳು, ಅವನ ಬಗ್ಗೆ ಖುಷಿಪಟ್ಟೇ ನಕ್ಕಳು. ಹಾಲಸ್ವಾಮಿಯೂ ನಗಲು ನೋಡಿದ. ತುಟಿ ಒಂದು ಕಡೆಗಷ್ಟೇ ಬಂತು. ತನ್ನನ್ನು ತಂಡದಿಂದ ಕೈಬಿಟ್ಟರು ಎಂದು ಅವನಿಗೆ ಗೊತ್ತಾಯಿತು. ‘ಒಂದಕ್ಕ ಹೋಗಿ ಬರ್ತೀನಿ’ ಎಂದು ಎದ್ದು, ಮೂಕಣ್ಣನನ್ನು ಸವರಿಕೊಂಡು ಬಾಗಿಲು ದಾಟಿದ. ಬೇರೆ ಎಲ್ಲಿಗೂ ಹೋಗಲಿಲ್ಲ, ಬೆಂಚಿನ ಮೇಲೆ ಕೂತು ರಸ್ತೆಗೆ ಮುಖ ಮಾಡಿದ. ಕಲ್ಲು ಈಗ ಬಿಸಿಯಾಗಿತ್ತು. ಒಳಗೆ ಒಂದು ತೊಡೆ ತಟ್ಟು ಕೇಳಿತು. ತೊಂಬತ್ತೇಳು. ಕೇಳಿದ್ದು ಕೇಳದ ಹಾಗೆ ಕೂತ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕುಂಟುತ್ತ ಬಂದು ಧಪ್ಪನೆ ಕೂತರು. ನೋಡಿದರೆ ಈಶ್ವರ್. ಎಡಗಾಲಿಗೆ ಜೋಮು ಹಿಡಿದಿತ್ತು, ಎರಡೂ ಕೈಯಿಂದ ತಿಕ್ಕಿಕೊಳ್ಳುತ್ತಿದ್ದ. ಅಳಿಯ ಆಡುವಾಗ ಈಶ್ವರ್ ಆ ಸೀಟಿನಿಂದ ಎದ್ದದ್ದನ್ನು ಹಾಲಸ್ವಾಮಿ ಕಂಡೇ ಇರಲಿಲ್ಲ. ಒಮ್ಮೆ ಚಾರ್ಜಿನ ವೈರು ಹೊಗೆಯಾಡಿದಾಗಲೂ ಮೂಕಣ್ಣನೇ ಓಡಿ ಆರಿಸಿದ್ದ.

‘ಯಾಕ ಎದ್ದು ಬಂದಿ?’ ಎಂದ ಈಶ್ವರ್.

‘ಸೆಕಿ ಆತು.’

‘ಸುಳ್ಳು ಹೇಳಬ್ಯಾಡ. ಆ ಮನೋಹರನ ಮಾತಿಗೆ ಎದ್ದು ಬಂದಿ. ಮಗಳ ಮುಂದ ಶ್ಯಾಣ್ಯಾ ಆಗಾಕ ಹೋಗ್ಯಾನ ಅಂವ. ಮಳ್ಯಾಗ ಕೈ ಮುಗುದ್ದು ಮರ್ತಾನ.’ ಈಶ್ವರನಿಗೂ ಆ ಮಳೆ ನೆನಪಿತ್ತು. ‘ಬಾ, ಒಳಗ ಬಾ. ಮೂರ ರನ್ ಬೇಕು. ಒಂದಾದ್ರೂ ನೂರು ನಿನ್ನ ಕಣ್ಣಿಂದ...’

ಅವನ ಮಾತು ಮುಗಿಯಲಿಲ್ಲ. ಒಳಗೆ ಮೂಕಣ್ಣ ಬಾಗಿಲು ಗುದ್ದಿದ. ಮನೋಹರ್ ಅಯ್ಯಯ್ಯೋ ಎಂದು ಕೂಗಿದ. ಪೂಜಿತಾ ಕಿಟಕಿಗೆ ಬಂದು, ‘ಬೌಲ್ಡ್ ಅಂಕಲ್’ ಎಂದು ಮೆಲ್ಲಗೆ ಹೇಳಿದಳು. ತೊಂಬತ್ತೇಳಕ್ಕೆ. ಹಾಲಸ್ವಾಮಿ ಒಳಗೆ ಕೂತಾಗ ಅಳಿಯ ಆಡಿದ, ಹೊರಗೆ ಬಂದಾಗ ಹೋದ. ಕಾಲ್ಗುಣವೂ ಇಲ್ಲ, ಏನೂ ಇಲ್ಲ. ಪಕ್ಕದಲ್ಲಿ ಈಶ್ವರ್ ತನ್ನ ಹಣೆಗೆ ತಾನೇ ಜೋರಾಗಿ ಹೊಡೆದುಕೊಂಡ.

‘ನಾ ಏಳಬಾರದಿತ್ತು. ನನ್ನಿಂದ ಹೋತು. ನೂರಕ್ಕ ನೂರು ನನ್ನಿಂದ ಹೋತು.’

ಅವನ ಮುಖದಲ್ಲಿ ನಗೆಯ ಸುಳಿವಿರಲಿಲ್ಲ. ಕಣ್ಣುಗಳು ಕೆಂಪಾಗಿದ್ದವು. ಅಷ್ಟರಲ್ಲಿ ಮನೋಹರ್ ಬಾಗಿಲಿಗೆ ಬಂದು, ಮಗಳು ಹಿಂದೆಯೇ ಇದ್ದಾಳೆಂಬುದನ್ನೂ ಮರೆತು, ‘ಯಾವನ್ಲೇ ಸೀಟ್ ಬಿಟ್ಟು ಎದ್ದಾವ? ಬುದ್ಧಿ ಐತೇನ್ಲೇ ಈಶ್ವರ ನಿನಗ? ತೊಂಬತ್ತೇಳಕ್ಕ ಏಳ್ತಾರೇನ್ಲೇ ಯಾರಾದ್ರೂ?’ ಎಂದು ಒದರಿದ. ಪೂಜಿತಾ ಅಪ್ಪನನ್ನೇ ನೋಡುತ್ತ ನಿಂತಳು. ಈಶ್ವರ್ ತಲೆ ತಗ್ಗಿಸಿದ. ಇವರಲ್ಲಿ ಯಾರಿಗೂ ಇದು ಎಂದೂ ತಮಾಷೆಯಾಗಿರಲಿಲ್ಲ.

ಹಾಲಸ್ವಾಮಿಗೆ ಎಲ್ಲಿತ್ತೋ ಸಿಟ್ಟು. ಈಶ್ವರನ ಕಡೆ ತಿರುಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ಈ ಬೆಂಚಿನ ವಿಷಯಕ್ಕೆ ದನಿ ಎತ್ತಿ ಬೈದ. ‘ನಾ ಎದ್ದು ಬಂದಿದ್ದು ನನ್ನ ಜಾಗಕ್ಕ. ನೀ ಯಾಕ ಬಂದಿ? ಯಾರು ಕರೆದ್ರು ನಿನ್ನ? ಅಲ್ಲೇ ಕುಂತಿದ್ರ ನೂರಾಗತಿತ್ತು! ವರ್ಷಗಟ್ಟಲೆ ನಾ ಇಲ್ಲಿ ಕಾದದ್ದು ಇದಕ್ಕೇನು, ನೀ ಬಂದು ಹಿಂಗ ಮಾಡಾಕ?’ ಬೈಯುತ್ತ ಬೈಯುತ್ತ ಅವನಿಗೆ ಅಳು ಬಂತು. ಒರೆಸಿಕೊಳ್ಳಲು ಸ್ವೆಟರ್ ಹುಡುಕಿದರೆ ಅದು ಒಳಗೆ ನೆಲದ ಮೇಲೆ ಬಿದ್ದಿತ್ತು. ಈಶ್ವರ್ ಹೆಗಲ ಮೇಲಿನ ಟವೆಲ್ ತೆಗೆದುಕೊಟ್ಟು, ‘ತಪ್ಪಾತು ಮಾರಾಯ, ಅಳಬ್ಯಾಡ, ಇನ್ನೊಂದು ಇನ್ನಿಂಗ್ಸ್ ಐತಿ’ ಎಂದ. ಅಳಿಯ ಔಟಾದ ದುಃಖಕ್ಕೆ ಅಳುತ್ತಿದ್ದಾನೆಂದು ಅವನು ತಿಳಿದುಕೊಂಡಿದ್ದ. ಹಾಗೆಯೇ ತಿಳಿದುಕೊಂಡಿರಲಿ ಎಂದು ಹಾಲಸ್ವಾಮಿ ಬೈಯುವುದನ್ನು ನಿಲ್ಲಿಸಲಿಲ್ಲ.